ಆಲಮಟ್ಟಿ ಗೇಟನ್ನು ಎಐ ತೆಗೆಯುತ್ತದಾ?

ಪ್ರಶ್ನೆ: ನಾವು ಮುದ್ದೇಬಿಹಾಳ ತಾಲೂಕಿನವರು, ಹೊಲ ಕೃಷ್ಣಾ ನದಿ ದಂಡೆಗೇ ಇದೆ. ಊರಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದು ಆಡಿಯೊ ಓಡಾಡುತ್ತಿದೆ. ಮುಂದಿನ ಯುದ್ಧದಲ್ಲಿ ಶತ್ರು ದೇಶದವರು ಕೂತಲ್ಲಿಂದಲೇ ಎಐ ಬಳಸಿ ಆಲಮಟ್ಟಿಯ 26 ಗೇಟುಗಳನ್ನೂ ಒಂದೇ ಸಲ ತೆಗೆಯುತ್ತಾರೆ, ಕೂಡಗಿಯ ಕರೆಂಟ್ ಬಂದ್ ಮಾಡುತ್ತಾರೆ ಅಂತ ಅದರಲ್ಲಿದೆ. ಇದು ನಿಜವಾ ಸರ್? ಇನ್ನೊಂದು ಮಾತು. ಮಗಳು ಬಾಗಲಕೋಟೆಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದಾಳೆ. ಸೈಬರ್ ಸೆಕ್ಯುರಿಟಿ ಕಡೆ ಹೋಗುತ್ತೇನೆ ಅಂತಾಳೆ. ಎಲ್ಲವನ್ನೂ ಎಐ ಮಾಡುವುದಾದರೆ ಆ ಕೆಲಸ ಉಳಿಯುತ್ತಾ?

ಉತ್ತರ: ಗೇಟಿನ ಮಾತಿಗೆ ಮೊದಲು ಬರುತ್ತೇನೆ, ನಿಮಗೆ ನಿದ್ದೆಗೆಡಿಸಿರುವುದು ಅದೇ ಅಲ್ವಾ. ಆ ಆಡಿಯೊದಲ್ಲಿ ಹೇಳಿದ ಹಾಗೆ, ಯಾವುದೋ ದೇಶದಲ್ಲಿ ಕೂತು ಒಂದು ಬಟನ್ ಒತ್ತಿ 26 ಗೇಟು ಎತ್ತುವುದು ಆಗದ ಮಾತು. ಆದರೆ ಅಣೆಕಟ್ಟುಗಳ ಮೇಲೆ ಸೈಬರ್ ದಾಳಿ ಆಗೇ ಇಲ್ಲ ಅಂತಲೂ ನಾನು ಹೇಳಲಾರೆ. ಆಗಿವೆ. ಎರಡನ್ನು ಹೇಳುತ್ತೇನೆ.

2013ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಬೋಮನ್ ಅವೆನ್ಯೂ ಡ್ಯಾಮ್ ಅನ್ನುವ ಪುಟ್ಟ ಅಣೆಕಟ್ಟಿನ ಕಂಪ್ಯೂಟರಿಗೆ ಇರಾನಿನ ಹ್ಯಾಕರ್ ಒಬ್ಬ ನುಗ್ಗಿದ. ನೀರಿನ ಮಟ್ಟ ಎಷ್ಟಿದೆ, ಗೇಟು ಯಾವ ಸ್ಥಿತಿಯಲ್ಲಿದೆ, ಎಲ್ಲ ಅವನಿಗೆ ಕಾಣುತ್ತಿತ್ತು. ಗೇಟನ್ನೂ ಅಲ್ಲಿಂದಲೇ ಆಡಿಸಬಹುದಿತ್ತು. ಆದರೆ ರಿಪೇರಿಗೆ ಅಂತ ಯಾರೋ ಗೇಟಿನ ಸಂಪರ್ಕವನ್ನು ಕಿತ್ತಿಟ್ಟಿದ್ದರು. ಹಾಗಾಗಿ ಬಚಾವ್. ಅಮೆರಿಕ ಸರ್ಕಾರ 2016ರಲ್ಲಿ ಅವನ ಮೇಲೆ ಕೇಸು ಹಾಕಿತು.

ಎರಡನೆಯದು ಮೊನ್ನೆ ಮೊನ್ನೆಯದು. 2025ರ ಏಪ್ರಿಲ್‌ನಲ್ಲಿ ನಾರ್ವೆಯ ಬ್ರೆಮಾಂಗರ್ ಅನ್ನುವಲ್ಲಿ ಒಂದು ಅಣೆಕಟ್ಟಿನ ವಾಲ್ವನ್ನು ಹೊರಗಿನವರು ಪೂರ್ತಿ ತೆರೆದರು. ಸೆಕೆಂಡಿಗೆ 500 ಲೀಟರ್‌ನಂತೆ ಸುಮಾರು 4 ತಾಸು ನೀರು ಹರಿಯಿತು, ಆಮೇಲೆ ಗೊತ್ತಾಗಿ ಬಂದ್ ಮಾಡಿದರು. ರಷ್ಯಾ ಪರವಾದ ಹ್ಯಾಕರ್‌ಗಳ ಕೆಲಸ ಇದು ಎಂದು ಆಗಸ್ಟ್‌ನಲ್ಲಿ ಅಲ್ಲಿನ ಗುಪ್ತಚರ ಇಲಾಖೆಯ ಮುಖ್ಯಸ್ಥರೇ ಹೇಳಿದರು. ನಮ್ಮ ಲೆಕ್ಕದಲ್ಲಿ ಆ ನೀರು ಎಷ್ಟು ಗೊತ್ತಾ? ಸುಮಾರು 18 ಕ್ಯೂಸೆಕ್ಸ್. 2019ರ ಆಗಸ್ಟ್ ನೆರೆಯಲ್ಲಿ ಆಲಮಟ್ಟಿಯಿಂದ ಬಿಟ್ಟ ನೀರು 5 ಲಕ್ಷ ಕ್ಯೂಸೆಕ್ಸ್ ದಾಟಿತ್ತು, ಅದನ್ನು ಕಣ್ಣಾರೆ ಕಂಡ ನಿಮಗೆ 18 ಅಂದರೆ ನಗು ಬರಬಹುದು. ಯಾರಿಗೂ ಏನೂ ಆಗಲಿಲ್ಲ. ಆದರೆ ದಾಳಿ ಮಾಡಿದವರು ಕಂಟ್ರೋಲ್ ಸ್ಕ್ರೀನಿನ ವಿಡಿಯೊ ಮಾಡಿ ಟೆಲಿಗ್ರಾಂನಲ್ಲಿ ಹಾಕಿಕೊಂಡರು. ಅವರಿಗೆ ಬೇಕಾಗಿದ್ದದ್ದು ಆ ವಿಡಿಯೊ. ನೀರು ಹರಿದದ್ದು ಅದಕ್ಕೆ ನೆಪ.

ಈ ಎರಡರಲ್ಲೂ ಎಐ ಇರಲಿಲ್ಲ ಅನ್ನುವುದನ್ನು ಗಮನಿಸಿ. ಇಂಟರ್ನೆಟ್ಟಿಗೆ ನೇರವಾಗಿ ತೆರೆದಿಟ್ಟ ಕಂಟ್ರೋಲ್, ನಾರ್ವೆಯಲ್ಲಂತೂ ಕಾಟಾಚಾರದ ಪಾಸ್‌ವರ್ಡ್, ಇಷ್ಟೇ ಸಾಕಾಯಿತು.

ಆಲಮಟ್ಟಿಯ ಒಳಗಿನ ವ್ಯವಸ್ಥೆ ಹೇಗಿದೆ ಅಂತ ನಾನು ಇಲ್ಲಿ ಬರೆಯುವುದಿಲ್ಲ, ಬರೆಯಲೂಬಾರದು. ಸಾಮಾನ್ಯವಾಗಿ ದೊಡ್ಡ ಅಣೆಕಟ್ಟಿನ ಗೇಟು ಟನ್‌ಗಟ್ಟಲೆ ಭಾರ ಇರುತ್ತದೆ. ಮೋಟಾರು ಅದನ್ನು ನಿಧಾನಕ್ಕೆ ಎತ್ತುತ್ತದೆ. ಆ ಸದ್ದು ಅಲ್ಲಿರುವವರಿಗೆಲ್ಲ ಕೇಳುತ್ತದೆ, ಪಕ್ಕದಲ್ಲೇ ಪ್ಯಾನೆಲ್ ಇರುತ್ತದೆ, ಕರೆಂಟ್ ತೆಗೆದರೆ ಅದು ಅಲ್ಲೇ ನಿಲ್ಲುತ್ತದೆ. ಅಷ್ಟಕ್ಕೂ ನಮ್ಮ ಭಾಗದಲ್ಲಿ ಗೇಟು ನಿಜವಾಗಿ ಕೈಕೊಟ್ಟದ್ದು ಯಾವಾಗ? 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾದ 19ನೇ ಗೇಟು. ಹ್ಯಾಕರ್ ಇಲ್ಲ, ಎಐ ಇಲ್ಲ. 70 ವರ್ಷ ಹಳೆಯ ಅಣೆಕಟ್ಟು, ಚೈನ್ ಲಿಂಕ್ ಕಡಿಯಿತು, ಗೇಟು ಕೊಚ್ಚಿಹೋಯಿತು. ನನ್ನನ್ನು ಕೇಳಿದರೆ ಸೈಬರ್ ದಾಳಿಯ ಬಗ್ಗೆ ಸಭೆ ಮಾಡುವ ಮೊದಲು ಚೈನ್‌ಗೆ ಗ್ರೀಸ್ ಹಚ್ಚಿದ್ದಾರಾ ನೋಡಿ ಅಂತೀನಿ.

ಕರೆಂಟಿನ ವಿಷಯ ಬೇರೆ. ಅದು ನಿಜವಾಗಿ ಆಗಿದೆ. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಕಂಟ್ರೋಲ್ ರೂಮಿನಲ್ಲಿ ಕೂತಿದ್ದವರು ನೋಡುತ್ತಿದ್ದ ಹಾಗೆಯೇ ಸ್ಕ್ರೀನಿನ ಮೇಲೆ ಮೌಸ್ ತಾನಾಗಿ ಓಡಾಡತೊಡಗಿತು. ಒಂದೊಂದಾಗಿ ಬ್ರೇಕರ್ ತೆರೆಯಿತು. ಇವರು ಮೌಸ್ ಅಲ್ಲಾಡಿಸಿದರೂ ಕೇಳಲಿಲ್ಲ. ಸುಮಾರು 2.25 ಲಕ್ಷ ಗ್ರಾಹಕರಿಗೆ ಚಳಿಗಾಲದ ಸಂಜೆ ಕರೆಂಟ್ ಹೋಯಿತು. ದೂರು ಹೇಳಲು ಜನ ಫೋನ್ ಮಾಡಿದರೆ ಸಿಗಬಾರದು ಅಂತ ಕಾಲ್ ಸೆಂಟರಿಗೆ ಸುಳ್ಳು ಕರೆಗಳ ಸುರಿಮಳೆಯನ್ನೂ ಮಾಡಿದ್ದರು. ಎಷ್ಟು ತಯಾರಿ ನೋಡಿ. ಆ ಜಾಲಕ್ಕೆ ಅವರು ನುಗ್ಗಿದ್ದು ತಿಂಗಳುಗಳ ಮೊದಲು, ಒಂದು ಈಮೇಲಿನ ವರ್ಡ್ ಫೈಲ್ ಮೂಲಕ.

ಇಷ್ಟಾದರೂ ಕರೆಂಟ್ ಕೆಲವೇ ತಾಸಿನಲ್ಲಿ ವಾಪಸ್ ಬಂತು. ಹೇಗೆ? ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದ ಬ್ರೇಕರ್ ಹಾಕಿದರು. ನಮ್ಮ ಹೆಸ್ಕಾಂ ಲೈನ್‌ಮನ್‌ಗಳು ಗಾಳಿ ಮಳೆಯಲ್ಲಿ ಮಾಡುವ ಕೆಲಸ ಇದೇ. ಎಲ್ಲವೂ ಪೂರ್ತಿ ಆಟೊಮ್ಯಾಟಿಕ್ ಆಗಿದ್ದರೆ, ಕೈಯಿಂದ ನಡೆಸುವುದು ಹೇಗೆ ಅಂತ ಗೊತ್ತಿರುವವರೇ ಇಲ್ಲದಿದ್ದರೆ, ಆ ಕತ್ತಲೆ ಇನ್ನೂ ಎಷ್ಟೋ ಹೊತ್ತು ಇರುತ್ತಿತ್ತು. ಎಐ ಬಂತು, ಸ್ಮಾರ್ಟ್ ಆಯಿತು ಅಂತ ಜನರನ್ನು ಕಡಿಮೆ ಮಾಡುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಹಾಗಾದರೆ ಎಐನಿಂದ ಬದಲಾದದ್ದು ಏನು?

ಒಂದೇ ಮಾತಿನಲ್ಲಿ ಹೇಳುವುದಾದರೆ, ಕೂಲಿ ಅಗ್ಗ ಆಯಿತು. ಒಂದು ದೇಶ ಇನ್ನೊಂದು ದೇಶದ ಜಾಲಕ್ಕೆ ನುಗ್ಗಬೇಕಾದರೆ ಮೊದಲು ನುರಿತವರು ತಿಂಗಳುಗಟ್ಟಲೆ ಕೂರಬೇಕಿತ್ತು. ಯಾವ ಆಫೀಸಿನಲ್ಲಿ ಯಾರಿದ್ದಾರೆ, ಯಾವ ಸಾಫ್ಟ್‌ವೇರ್ ಇದೆ, ಅದರಲ್ಲಿ ತೂತು ಎಲ್ಲಿದೆ, ಆ ಭಾಷೆಯಲ್ಲಿ ನಂಬುವಂಥ ಈಮೇಲ್ ಬರೆಯುವುದು ಹೇಗೆ, ಎಲ್ಲಕ್ಕೂ ಜನ ಬೇಕು. ಇರಾನಿನ ನತಾನ್ಜ್ ಅಣು ಘಟಕದ ಸೆಂಟ್ರಿಫ್ಯೂಜ್‌ಗಳನ್ನು ಹಾಳು ಮಾಡಿದ, 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ವೈರಸ್ ಹಿಂದೆ ವರ್ಷಗಟ್ಟಲೆ ಕೆಲಸ ಇತ್ತು. ಯಂತ್ರ ಹುಚ್ಚೆದ್ದು ತಿರುಗುತ್ತಿದ್ದರೂ ಆಪರೇಟರ್‌ನ ಸ್ಕ್ರೀನಿನಲ್ಲಿ ಎಲ್ಲ ಸರಿಯಿದೆ ಅಂತ ಹಳೆಯ ಅಂಕಿ ತೋರಿಸುತ್ತಿತ್ತು ಅದು. ಅಂಥದ್ದನ್ನು ಮಾಡಲು ಆ ಯಂತ್ರದ ಒಂದೊಂದು ಭಾಗವೂ ಗೊತ್ತಿರಬೇಕು, ಆ ತಿಳಿವಳಿಕೆ ಇಂಟರ್ನೆಟ್ಟಿನಲ್ಲಿ ಬಿದ್ದಿರುವುದಿಲ್ಲ. ಅದಕ್ಕೇ ಗೇಟು ತೆಗೆಯುವಂಥ ಕೆಲಸ ಇವತ್ತಿಗೂ ಕಷ್ಟ. ಆದರೆ ನುಗ್ಗುವ ಕೆಲಸ, ಹುಡುಕುವ ಕೆಲಸ, ಕದಿಯುವ ಕೆಲಸ ಸುಲಭ ಆಗಿದೆ.

2024ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಮತ್ತು ಓಪನ್‌ಎಐ ಕಂಪನಿಗಳು ಒಂದು ವಿಷಯ ಹೊರಹಾಕಿದವು. ರಷ್ಯಾ, ಚೀನಾ, ಇರಾನ್, ಉತ್ತರ ಕೊರಿಯಾ ಸರ್ಕಾರಗಳ ಜೊತೆ ನಂಟಿರುವ ಹ್ಯಾಕರ್ ಗುಂಪುಗಳು ಚಾಟ್‌ಬಾಟ್ ಬಳಸುತ್ತಿದ್ದವು. ಆಗ ಮಾಡುತ್ತಿದ್ದದ್ದು ನಮ್ಮ ನಿಮ್ಮ ಹಾಗೆಯೇ. ಅನುವಾದ, ಸಣ್ಣಪುಟ್ಟ ಕೋಡ್, ಮಾಹಿತಿ ಹುಡುಕಾಟ. ಒಂದೂವರೆ ವರ್ಷದಲ್ಲಿ ಕತೆ ಬೇರೆಯಾಯಿತು. ಚೀನಾ ಸರ್ಕಾರದ ಬೆಂಬಲ ಇರುವ ಗುಂಪೊಂದು ಆಂಥ್ರೋಪಿಕ್ ಕಂಪನಿಯ ಕ್ಲಾಡ್ ಕೋಡ್ ಎಂಬ ಎಐ ಬಳಸಿ ಸುಮಾರು 30 ಸಂಸ್ಥೆಗಳ ಮೇಲೆ ದಾಳಿಗೆ ಇಳಿದದ್ದು 2025ರ ಸೆಪ್ಟೆಂಬರ್‌ನಲ್ಲಿ ಪತ್ತೆಯಾಯಿತು ಅಂತ ಆ ಕಂಪನಿಯೇ ನವೆಂಬರ್‌ನಲ್ಲಿ ಹೇಳಿತು. ಕೆಲಸದ ಶೇಕಡಾ 80ರಿಂದ 90ರಷ್ಟು ಪಾಲನ್ನು ಎಐ ತಾನೇ ಮಾಡಿತಂತೆ, ಮನುಷ್ಯರು ನಡುನಡುವೆ ಹೂಂ ಅಂದದ್ದಷ್ಟೇ. ಇದು ಕಂಪನಿ ತಾನೇ ಕೊಟ್ಟ ಲೆಕ್ಕ, ಸ್ವಲ್ಪ ಸೋಸಿ ನೋಡಬೇಕು. ಆದರೂ ಅದರಲ್ಲಿ ಎರಡು ವಿಷಯ ನನಗೆ ಮುಖ್ಯ ಅನಿಸಿದವು. ಒಂದು, ಎಐ ಒಪ್ಪಲಿ ಅಂತ ಆ ಹ್ಯಾಕರ್‌ಗಳು ತಾವು ಭದ್ರತೆ ಪರೀಕ್ಷೆ ಮಾಡುವ ಕಂಪನಿಯವರು ಅಂತ ಅದಕ್ಕೇ ಸುಳ್ಳು ಹೇಳಿದ್ದರು. ಎರಡು, ಆ ಎಐ ಇವರಿಗೂ ಸುಳ್ಳು ಹೇಳಿತು! ಸಿಗದ ಪಾಸ್‌ವರ್ಡ್ ಸಿಕ್ಕಿದೆ ಅಂತ ವರದಿ ಕೊಟ್ಟಿತು. ಕೊನೆಗೆ ದಾಳಿ ಫಲಿಸಿದ್ದು ಕೆಲವೇ ಕಡೆ.

ಇನ್ನೊಂದು ಹಳೆಯ ಘಟನೆ ಇದೆ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ ಸುಮಾರು 95 ಕೋಟಿ ಡಾಲರ್ ಎಗರಿಸಲು ಹ್ಯಾಕರ್‌ಗಳು ಹೊರಟಿದ್ದರು. ಅಮೆರಿಕ ಬೆಟ್ಟು ಮಾಡಿದ್ದು ಉತ್ತರ ಕೊರಿಯಾ ಕಡೆಗೆ. 8.1 ಕೋಟಿ ಡಾಲರ್ ಫಿಲಿಪ್ಪೀನ್ಸ್‌ಗೆ ಹೋಗೇಬಿಟ್ಟಿತು. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ಮಾತ್ರ ಸಿಕ್ಕಿಬಿತ್ತು. ಯಾಕೆ ಅಂದರೆ ಆರ್ಡರ್‌ನಲ್ಲಿ ಫೌಂಡೇಶನ್ ಅಂತ ಬರೆಯುವ ಕಡೆ ಫ್ಯಾಂಡೇಶನ್ ಅಂತ ಬರೆದಿದ್ದರು, ನಡುವಿನ ಬ್ಯಾಂಕಿನವರಿಗೆ ಅನುಮಾನ ಬಂತು. ಇವತ್ತು ಅಂಥ ತಪ್ಪು ಯಾವ ಕಳ್ಳನೂ ಮಾಡುವುದಿಲ್ಲ. ಕಾಗುಣಿತ ನೋಡಿ ಕಳ್ಳ ಈಮೇಲ್ ಹಿಡಿಯಿರಿ ಅಂತ ನಾವು ಬ್ಯಾಂಕ್ ಸಿಬ್ಬಂದಿಗೆ ವರ್ಷಗಟ್ಟಲೆ ಹೇಳಿಕೊಟ್ಟ ಪಾಠ ಈಗ ಕೆಲಸಕ್ಕೆ ಬಾರದು. ಮ್ಯಾನೇಜರ್ ಹೆಸರು ಹಾಕಿ, ನಮ್ಮ ಕಡೆಯ ಕನ್ನಡದಲ್ಲೇ, ತಪ್ಪಿಲ್ಲದ ಪತ್ರ ಬರುತ್ತದೆ.

ಸಣ್ಣವರು ಎಚ್ಚರ ಆಗಬೇಕಾದದ್ದು ಇಲ್ಲಿಯೇ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ 94 ಕೋಟಿ ರೂಪಾಯಿ ಹೋಯಿತು. ಹೆಚ್ಚಿನದು 28 ದೇಶಗಳ ಎಟಿಎಂಗಳಿಂದ ಕೆಲವೇ ತಾಸಿನಲ್ಲಿ ತೆಗೆದ ದುಡ್ಡು. ಇದರಲ್ಲೂ ಉತ್ತರ ಕೊರಿಯಾದ ಕೈವಾಡ ಇದೆ ಅಂತ ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿತು. ಕಾಸ್ಮಾಸ್ ದೊಡ್ಡ ಬ್ಯಾಂಕು, ಅದರ ಹಿಂದೆ ಬೀಳುವುದರಲ್ಲಿ ಲಾಭ ಇತ್ತು. ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಓಣಿ ಓಣಿಗೂ ಇರುವ ಪತ್ತಿನ ಸಂಘ, ಪಟ್ಟಣ ಪಂಚಾಯಿತಿಯ ನೀರಿನ ಪಂಪ್, ಸಕ್ಕರೆ ಕಾರ್ಖಾನೆ, ಇವುಗಳಿಗಾಗಿ ಒಂದು ದೇಶದ ನುರಿತ ಹ್ಯಾಕರ್ ಟೈಮ್ ಹಾಳು ಮಾಡುತ್ತಿರಲಿಲ್ಲ. ನಮಗೆ ಇದ್ದ ರಕ್ಷಣೆ ಅದೊಂದೇ, ನಾವು ಯಾರಿಗೂ ಬೇಡವಾಗಿದ್ದದ್ದು. ಕೂಲಿ ಅಗ್ಗವಾದಾಗ ಆ ರಕ್ಷಣೆ ಹೋಗುತ್ತದೆ.

ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಹಂಗಾಮು ಶುರುವಾಗುವ ಮುಂಚೆ ಒಂದು ಸಕ್ಕರೆ ಕಾರ್ಖಾನೆಯ ನೆಟ್‌ವರ್ಕ್ ನೋಡಲು ಹೋಗಿದ್ದೆ. ಬಾಯ್ಲರ್ ಕಂಟ್ರೋಲ್ ರೂಮಿನಲ್ಲಿ ವಿಂಡೋಸ್ 7 ಇರುವ ಕಂಪ್ಯೂಟರ್, ಅದರಲ್ಲಿ ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಹಗಲು ರಾತ್ರಿ ತೆರೆದೇ ಇದೆ. ಏನಾದರೂ ಕೆಟ್ಟರೆ ಪುಣೆಯಿಂದ ಸರ್ವಿಸ್ ಎಂಜಿನಿಯರ್ ಬರುವುದು ತಡ, ಅಲ್ಲಿಂದಲೇ ನೋಡಲಿ ಅಂತ. ಮಾನಿಟರ್ ಕೆಳಗೆ ಬಿಳಿ ಟೇಪ್ ಅಂಟಿಸಿ ಸ್ಕೆಚ್ ಪೆನ್ನಿನಲ್ಲಿ ಪಾಸ್‌ವರ್ಡ್ ಬರೆದಿದ್ದರು. ಯಾಕಪ್ಪಾ ಹೀಗೆ ಅಂದರೆ ಆಪರೇಟರ್ ಹುಡುಗ, ‘ಮೂರು ಶಿಫ್ಟಿನ್ಯಾಗ ಮಂದಿ ಬದಲಾಗ್ತಾರ್ರಿ ಸರ್, ರಾತ್ರಿ ಎರಡಕ್ಕ ಯಾರ್ನ ಎಬ್ಬಿಸಿ ಕೇಳೋದು?’ ಅಂದ. ಅವನ ಮಾತಲ್ಲಿ ತಪ್ಪಿಲ್ಲ. ಕಾರ್ಖಾನೆಯವರು ಅವನಿಗೆ ಬೇರೆ ದಾರಿಯನ್ನೇ ಕೊಟ್ಟಿರಲಿಲ್ಲ. ಆ ಕಂಪ್ಯೂಟರಿಗೂ ಬಾಯ್ಲರ್ ನಡೆಸುವ ಪುಟ್ಟ ಕಂಟ್ರೋಲ್ ಕಂಪ್ಯೂಟರ್ ಆದ ಪಿಎಲ್‌ಸಿಗೂ ನಡುವೆ ಫೈರ್‌ವಾಲ್ ಇರಲಿ, ಒಂದು ಬೀಗದ ಪೆಟ್ಟಿಗೆಯೂ ಇರಲಿಲ್ಲ.

ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. 2023ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪ ಅನ್ನುವ ಊರಿನ ನೀರು ಸರಬರಾಜು ಕೇಂದ್ರದಲ್ಲಿ ಇರಾನ್ ಪರ ಹ್ಯಾಕರ್‌ಗಳು ಒಂದು ಪಿಎಲ್‌ಸಿ ಹಿಡಿದರು. ಇಸ್ರೇಲಿನ ಕಂಪನಿ ಮಾಡಿದ ಯಂತ್ರ ಅದು, ಅದೇ ಅವರ ಸಿಟ್ಟಿಗೆ ಕಾರಣ. ಆ ಪಿಎಲ್‌ಸಿ ಕಂಪನಿಯಿಂದ ಬರುವಾಗಲೇ ಇದ್ದ ಪಾಸ್‌ವರ್ಡ್ 1111. ಜಗತ್ತಿನಾದ್ಯಂತ ಎಷ್ಟೋ ಕಡೆ ಅದನ್ನು ಬದಲಾಯಿಸಿಯೇ ಇರಲಿಲ್ಲ. ಎಲ್ಲೋ ಗಾಜಾದಲ್ಲಿ ಯುದ್ಧ, ಪೆಟ್ಟು ತಿಂದದ್ದು ಅಮೆರಿಕದ ಒಂದು ಸಣ್ಣ ಊರಿನ ಪಂಪು.

ಯುದ್ಧ ಇಬ್ಬರದು, ಪೆಟ್ಟು ಮೂರನೆಯವನಿಗೆ. ಇದು ಸೈಬರ್ ಜಗಳದಲ್ಲಿ ಮತ್ತೆ ಮತ್ತೆ ಆಗುತ್ತದೆ. 2017ರ ಜೂನ್ 27ರಂದು ಉಕ್ರೇನಿನ ತೆರಿಗೆ ಸಾಫ್ಟ್‌ವೇರ್ ಒಂದರ ಮೂಲಕ ರಷ್ಯಾದ ಮಿಲಿಟರಿ ಹ್ಯಾಕರ್‌ಗಳು ಬಿಟ್ಟ ನಾಟ್‌ಪೆಟ್ಯಾ ವೈರಸ್, ಮೆರ್ಸ್ಕ್ ಹಡಗು ಕಂಪನಿಯನ್ನು ಮಲಗಿಸಿ, ಮುಂಬೈ ಪಕ್ಕದ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ಲನ್ನೂ ನಿಲ್ಲಿಸಿತು. ಆಗ ಮೆರ್ಸ್ಕ್‌ನ ಇಡೀ ಜಾಲದಲ್ಲಿ ಒಂದೇ ಒಂದು ಮುಖ್ಯ ಸರ್ವರ್ ಉಳಿದದ್ದು ಘಾನಾ ದೇಶದಲ್ಲಿ, ಅದೂ ಅಲ್ಲಿ ಆ ಹೊತ್ತಿಗೆ ಕರೆಂಟ್ ಹೋಗಿತ್ತು ಅಂತ. ಲೋಡ್ ಶೆಡ್ಡಿಂಗ್ ಬೈಯುವ ನಮಗೆ ಇದು ಖುಷಿ ಕೊಡುವ ಸುದ್ದಿ.

ಹೀಗೆ ದಾರಿ ತಪ್ಪಿ ಇನ್ಯಾರಿಗೋ ಬಡಿಯುವ ದಾಳಿಗಳಿಗೆ ಎಐ ಸೇರಿದರೆ ನನಗೆ ಇರುವ ದೊಡ್ಡ ಭಯ ವೇಗದ್ದು. ಯಾರು ಮಾಡಿದರು ಅಂತ ಗಟ್ಟಿಯಾಗಿ ಹೇಳಲು ತಿಂಗಳು ಬೇಕು. 2020ರ ಅಕ್ಟೋಬರ್ 12ರಂದು ಮುಂಬೈಗೆ ಕರೆಂಟ್ ಹೋದದ್ದು ಚೀನಾದ ಕೆಲಸ ಇರಬಹುದು ಅಂತ ಒಂದು ಅಮೆರಿಕನ್ ಸಂಸ್ಥೆಯ ವರದಿ ಬಂದಾಗ, ಕೇಂದ್ರದ ಇಂಧನ ಸಚಿವರು ಅದು ಮನುಷ್ಯರ ತಪ್ಪಿನಿಂದ ಆದದ್ದು ಅಂದರು. ಶಾಂತಿಯ ಸಮಯದಲ್ಲಿ ಇಂಥ ವಾದ ನಡೆಯುತ್ತಾ ಇರಲಿ, ಯಾರಿಗೂ ನಷ್ಟ ಇಲ್ಲ. ಗಡಿಯಲ್ಲಿ ಗುಂಡು ಹಾರುತ್ತಿರುವಾಗ, ದಾಳಿ ಮಾಡುವ ಯಂತ್ರ ಸೆಕೆಂಡಿನಲ್ಲಿ ಮಾಡಿ, ತಿರುಗೇಟು ಕೊಡುವ ಯಂತ್ರವೂ ಸೆಕೆಂಡಿನಲ್ಲೇ ಇಂಥವರೇ ಅಂತ ತೀರ್ಮಾನಿಸಿದರೆ? ಎಐ ಇನ್ನೊಬ್ಬರ ಶೈಲಿಯಲ್ಲಿ ಕೋಡ್ ಬರೆದು ತಪ್ಪನ್ನು ಅವರ ತಲೆಗೆ ಕಟ್ಟಬಲ್ಲದು ಕೂಡ. ಶಾಂತಿ ಕಾಲದಲ್ಲಿ ಒಬ್ಬರ ಅಗತ್ಯ ಸೇವೆಗಳ ಮೇಲೆ ಇನ್ನೊಬ್ಬರು ಕೈಹಾಕಬಾರದು ಅಂತ ವಿಶ್ವಸಂಸ್ಥೆಯಲ್ಲಿ 2015ರಲ್ಲೇ ಒಪ್ಪಿದ್ದಾರೆ. ಒಪ್ಪಿದ್ದಾರೆ ಅಷ್ಟೇ, ಮುರಿದವರನ್ನು ಹಿಡಿಯುವವರು ಇಲ್ಲ.

ಕೂಡಗಿ ಬಗ್ಗೆ ಕೇಳಿದ್ದೀರಿ. 2,400 ಮೆಗಾವಾಟ್‌ನ ಘಟಕ, ಅಂಥ ಕಡೆ ಸಾಮಾನ್ಯವಾಗಿ ಯಂತ್ರ ನಡೆಸುವ ಜಾಲವನ್ನೂ ಆಫೀಸಿನ ಜಾಲವನ್ನೂ ಬೇರೆ ಬೇರೆ ಇಡುತ್ತಾರೆ. 2019ರಲ್ಲಿ ಕೂಡಂಕುಳಂ ಅಣು ವಿದ್ಯುತ್ ಕೇಂದ್ರದಲ್ಲಿ ಮಾಲ್‌ವೇರ್ ಸಿಕ್ಕಿದ್ದು ಆಡಳಿತದ ಕೆಲಸಕ್ಕೆ ಬಳಸುವ ಜಾಲದ ಕಂಪ್ಯೂಟರಿನಲ್ಲಿ, ರಿಯಾಕ್ಟರ್ ಕಡೆ ಅದು ಹೋಗಲಿಲ್ಲ. ಆ ಗೋಡೆ ಕೆಲಸ ಮಾಡಿತು. ಈ ಗೋಡೆ ಗಟ್ಟಿ ಇದೆಯಾ ಅಂತ ಪದೇ ಪದೇ ತಟ್ಟಿ ನೋಡುವುದೇ ನಮ್ಮಂಥವರ ಕೆಲಸ.

ಎಐ ಕಾಯುವವರ ಕಡೆಗೂ ಇದೆ, ಅದನ್ನೂ ಹೇಳಬೇಕು. 2025ರ ಆಗಸ್ಟ್‌ನಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ನಡೆಸಿದ ಸ್ಪರ್ಧೆಯಲ್ಲಿ ಎಐ ವ್ಯವಸ್ಥೆಗಳು ತಾವೇ ಸಾಫ್ಟ್‌ವೇರ್‌ನ ತೂತು ಹುಡುಕಿ ತಾವೇ ಮುಚ್ಚಿದವು. ಬೇಕಂತಲೇ ಇಟ್ಟ ತೂತುಗಳ ಜೊತೆಗೆ ಯಾರಿಗೂ ಗೊತ್ತಿರದ 18 ನಿಜವಾದ ತೂತುಗಳೂ ಸಿಕ್ಕವು. ಗೆದ್ದ ತಂಡಕ್ಕೆ 40 ಲಕ್ಷ ಡಾಲರ್. ಒಳ್ಳೆಯದೇ. ಆದರೆ ನಮ್ಮ ಸಕ್ಕರೆ ಕಾರ್ಖಾನೆಗೆ ಬನ್ನಿ. ಡಿಸೆಂಬರ್‌ನಲ್ಲಿ ತೂತು ಮುಚ್ಚುವ ಪ್ಯಾಚ್ ಬಂತು ಅಂತ ಇಟ್ಟುಕೊಳ್ಳಿ. ಹೊರಗೆ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು, ನಿಂತಷ್ಟೂ ಕಬ್ಬು ಒಣಗಿ ತೂಕ ಕಳೆಯುತ್ತದೆ. ಪ್ಯಾಚ್ ಹಾಕಲು ಮಿಲ್ ನಿಲ್ಲಿಸಿ ಅಂದರೆ ಯಾವ ಜಿಎಂ ಒಪ್ಪುತ್ತಾನೆ? ಹಂಗಾಮು ಮುಗಿಯಲಿ ಅಂತಾರೆ. ದಾಳಿ ಮಾಡುವವನ ಎಐ ಆ ಪ್ಯಾಚ್ ಓದಿ, ತೂತು ಎಲ್ಲಿತ್ತು ಅಂತ ಅವತ್ತೇ ತಿಳಿದುಕೊಳ್ಳುತ್ತದೆ. ಕಾಯುವವನಿಗೆ ಮಾರ್ಚ್‌ವರೆಗೆ ಪುರುಸೊತ್ತಿಲ್ಲ. ಈ ಅಂತರವನ್ನು ಯಾವ ಎಐ ತುಂಬಿಕೊಡುವುದಿಲ್ಲ. ಎನಿಡೆಸ್ಕ್ ಬೇಕಾದಾಗ ಮಾತ್ರ ತೆರೆಯುವುದು, ಕಂಟ್ರೋಲ್ ರೂಮಿನ ಜಾಲವನ್ನು ಆಫೀಸಿನ ವೈಫೈನಿಂದ ಕತ್ತರಿಸುವುದು, ಪಿಎಲ್‌ಸಿ ಪ್ರೋಗ್ರಾಮಿನ ಒಂದು ಕಾಪಿ ಬೀರುವಿನಲ್ಲಿ ಇಡುವುದು, ಇವೇ ಅಲ್ಲಿಯವರೆಗೆ ಕಾಯುತ್ತವೆ.

ಈಗ ನಿಮ್ಮ ಗ್ರೂಪಿನ ಆಡಿಯೊ. ನನ್ನ ಪ್ರಕಾರ ನಿಮ್ಮ ಊರಿಗೆ ಸೈಬರ್ ಯುದ್ಧ ಮುಟ್ಟುವುದು ಈ ರೂಪದಲ್ಲೇ. 2022ರ ಮಾರ್ಚ್‌ನಲ್ಲಿ ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ಸೈನಿಕರಿಗೆ ಶರಣಾಗಿ ಅಂದ ಹಾಗೆ ಡೀಪ್‌ಫೇಕ್ ವಿಡಿಯೊ ಬಂತು. ತಲೆ ಒಂದು ಕಡೆ, ಮೈ ಒಂದು ಕಡೆ, ನೋಡಿದವರು ನಕ್ಕರು. ಇವತ್ತಿನ ವಿಡಿಯೊ ನೋಡಿ ನಗುವ ಹಾಗಿಲ್ಲ. ಇನ್ನು ನಮ್ಮ ಬೆಳಗಾವಿ ಜಿಲ್ಲೆಯದೇ ಹೇಳುತ್ತೇನೆ. 2025ರ ಮೇನಲ್ಲಿ ಆಪರೇಷನ್ ಸಿಂಧೂರದ ಹೊತ್ತಿಗೆ, ಕರ್ನಲ್ ಸೋಫಿಯಾ ಖುರೇಷಿ ಅವರ ಗಂಡನ ಮನೆ ಇರುವ ಗೋಕಾಕ ತಾಲೂಕಿನ ಕೊಣ್ಣೂರಿನಲ್ಲಿ ಆ ಮನೆಯ ಮೇಲೆ ದಾಳಿ ಆಗಿದೆ ಅಂತ ಎಕ್ಸ್‌ನಲ್ಲಿ ಪೋಸ್ಟ್ ಹರಿದಾಡಿತು. ಪೂರ್ತಿ ಸುಳ್ಳು. ಬೆಳಗಾವಿ ಎಸ್ಪಿಯವರೇ ಸುಳ್ಳು ಅಂತ ಹೇಳಬೇಕಾಯಿತು. ಅದಕ್ಕೆ ಎಐ ಕೂಡ ಬೇಕಾಗಲಿಲ್ಲ, ನಾಲ್ಕು ಸಾಲು ಸಾಕಾಯಿತು. ಅದರ ಜೊತೆ ಉರಿಯುವ ಮನೆಯ ವಿಡಿಯೊ, ಅಳುವ ಹೆಂಗಸಿನ ದನಿ, ಅದೂ ಗೋಕಾಕ ಕಡೆಯ ಮಾತಿನಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಅಂತ ನೀವೇ ಊಹಿಸಿ.

ಹಾಗಾಗಿ ಆಲಮಟ್ಟಿ ನೀರಿನ ವಿಷಯದಲ್ಲಿ ಒಂದು ಕೆಲಸ ಮಾಡಿ. ನೀರು ಬಿಡುವುದಿದ್ದರೆ ಜಿಲ್ಲಾಡಳಿತದಿಂದ ಎಚ್ಚರಿಕೆ ಬರುತ್ತದೆ, ತಹಶೀಲ್ದಾರ್ ಕಚೇರಿಗೆ, ಪಂಚಾಯಿತಿಗೆ ಗೊತ್ತಿರುತ್ತದೆ. ಪಂಚಾಯಿತಿಯ ಪಿಡಿಒ ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ. ಮಳೆಗಾಲದ ನಡುರಾತ್ರಿ ಗ್ರೂಪಿನಲ್ಲಿ ‘ಎಲ್ಲ ಗೇಟ್ ತೆಗೆದಾರ, ಓಡ್ರಿ’ ಅಂತ ಅಧಿಕಾರಿಯ ದನಿಯಲ್ಲೇ ಆಡಿಯೊ ಬಂದರೂ ಮೊದಲು ಅವರಿಗೆ ಫೋನ್ ಹಚ್ಚಿ. ಹಾಗೇ ನಿಜವಾದ ಎಚ್ಚರಿಕೆ ಬಂದಾಗ ಇದೂ ಎಐ ಇರಬೇಕು ಅಂತ ಮಲಗಬೇಡಿ, ಅದು ಇನ್ನೂ ಅಪಾಯ. ಈ ಆಡಿಯೊವನ್ನು ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಗೆ ಕಳಿಸಿ. ಸಂಘದ ಅಥವಾ ನಿಮ್ಮ ಖಾತೆಯಿಂದ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮಗಳ ವಿಷಯ. ಕೆಲಸ ಉಳಿಯುತ್ತದೆ, ಆದರೆ ಯಾವ ಕೆಲಸ ಅನ್ನುವುದು ಮುಖ್ಯ. ಸ್ಕ್ರೀನ್ ಮುಂದೆ ಕೂತು ಅಲರ್ಟ್ ಎಣಿಸುವ ಕೆಲಸವನ್ನು ಎಐ ತಿನ್ನುತ್ತಿದೆ, ಅದಕ್ಕಾಗಿ ಲಕ್ಷ ಕೊಟ್ಟು ಆರು ತಿಂಗಳ ಕೋರ್ಸ್ ಸೇರಿಸಬೇಡಿ. ಎಲೆಕ್ಟ್ರಿಕಲ್ ಬಿಡಿಸಲೇಬೇಡಿ. ಬೆಂಗಳೂರಿನಲ್ಲಿ ನೆಟ್‌ವರ್ಕ್ ಗೊತ್ತಿರುವವರು ಬೇಕಾದಷ್ಟು ಸಿಗುತ್ತಾರೆ, ಅವರಿಗೆ ರಿಲೇ ಅಂದರೇನು, ಬ್ರೇಕರ್ ಯಾಕೆ ಟ್ರಿಪ್ ಆಗುತ್ತದೆ ಗೊತ್ತಿರುವುದಿಲ್ಲ. ಸಬ್‌ಸ್ಟೇಷನ್ ಗೊತ್ತಿರುವವರಿಗೆ ನೆಟ್‌ವರ್ಕ್ ಗೊತ್ತಿರುವುದಿಲ್ಲ. ಎರಡೂ ಗೊತ್ತಿರುವವರನ್ನು ನಾವು ಹುಡುಕಿ ಹುಡುಕಿ ಸುಸ್ತಾಗಿದ್ದೇವೆ. ಡಿಪ್ಲೊಮಾ ಮುಗಿಸಲಿ, ಪಿಎಲ್‌ಸಿ ಪ್ರೋಗ್ರಾಮಿಂಗ್ ಚೆನ್ನಾಗಿ ಕಲಿಯಲಿ, ಜೊತೆಗೆ ಲಿನಕ್ಸ್ ಮತ್ತು ನೆಟ್‌ವರ್ಕಿಂಗ್ ಮನೆಯಲ್ಲೇ ಕಲಿಯಬಹುದು, ಹಳೆಯ ಲ್ಯಾಪ್‌ಟಾಪ್ ಸಾಕು. ಆಮೇಲೆ ಬಿಇ ಮಾಡುವುದಾದರೆ ಲ್ಯಾಟರಲ್ ಎಂಟ್ರಿಯಲ್ಲಿ ಎರಡನೇ ವರ್ಷಕ್ಕೇ ಸೇರಬಹುದು. ರಜೆಯಲ್ಲಿ ಹತ್ತಿರದ ಯಾವುದಾದರೂ ಕಾರ್ಖಾನೆಯ ಇನ್‌ಸ್ಟ್ರುಮೆಂಟೇಶನ್ ವಿಭಾಗದಲ್ಲಿ ಒಂದು ತಿಂಗಳು ಕೆಲಸ ನೋಡಲು ಬಿಡುತ್ತಾರಾ ಕೇಳಿ. ಹೆಣ್ಣುಮಕ್ಕಳನ್ನು ಮಿಲ್ ಕಡೆ ಬಿಡುವುದಿಲ್ಲ ಅಂತ ಯಾರಾದರೂ ರಾಗ ಎಳೆದರೆ ಇನ್ನೊಂದು ಕಾರ್ಖಾನೆಗೆ ಹೋಗಿ, ನಮ್ಮ ಮೂರು ಜಿಲ್ಲೆಯಲ್ಲಿ ಅವಕ್ಕೇನು ಕಮ್ಮಿ ಇಲ್ಲ.